ಬ್ರೇಕಿಲ್ಲದ ಭಾವ ಮತ್ತು ಏಳು ದ್ವೀಪಗಳು

ನಮ್ಮ ಭಾವ ಕುಳಿತದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ಅವರು ನಮ್ಮ ಅಕ್ಕನ ಕೈ ಹಿಡಿದು ಎಷ್ಟೋ ವರ್ಷಗಳಾದವು, ಈ ನಾದಿನಿಗಂತೂ ಆ ಭಾಗ್ಯ ಒದಗಿ ಬಂದಿರಲಿಲ್ಲ. ಮದುವೆ ಮಂಟಪದಲ್ಲಾದರೂ ಕೂತಿರಲೇಬೇಕಲ್ಲ ಎಂದು ನೀವು ಕೇಳಬಹುದು. ಕೂತಿದ್ದರಂತೆ. ನಾನು ಅಕ್ಷತೆಯ ಬುಟ್ಟಿ ತರಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಮೈಕು ಕೊಂಯ್ ಎಂದು ಕೂಗಿ ಸುಮ್ಮನಾಗಿತ್ತು, ಮದುಮಗ ಬಾಸಿಂಗ ಕಟ್ಟಿಕೊಂಡೇ ಎದ್ದು ಹೋಗಿ ಮೈಕಿನವನ ಹಿಂದೆ ನಿಂತು ವೈರು ಎಳೆಯುತ್ತಿದ್ದ! ಮುಹೂರ್ತ ಮೀರುತ್ತದೆಂದು ಅಯ್ಯನವರು ಕೂಗಿದರೆ, "ನೀವು ಹೇಳೂ ಮಂತ್ರ ಎಲ್ಲಾರಿಗೂ ಕೇಳಬೇಕಲ್ರಿ ಅಜ್ಜಾರ!" ಎಂದು ಅಲ್ಲಿಂದಲೇ ಉತ್ತರ.

ಇಂಥವರು ಗದಗದಿಂದ ಮ್ಯೂನಿಕ್‌ಗೆ ಬಂದು ಕಾರು ಕಂಪನಿಯೊಂದರಲ್ಲಿ ಮಾಡುವ ಕೆಲಸವೇನು ಗೊತ್ತೇ? ಬ್ರೇಕ್ ವಿಭಾಗದ ಎಂಜಿನಿಯರ್! ಊರವರ ಗಾಡಿಗಳನ್ನೆಲ್ಲ ನಿಲ್ಲಿಸುವುದೇ ಉದ್ಯೋಗ, ತಮಗೆ ಮಾತ್ರ ಬ್ರೇಕು ಹಾಕಿಸಿಕೊಳ್ಳಲು ಮರೆತಿದ್ದಾರೆ. ಅವರ ಮನೆ ಉಂಟರ್‌ಫ್ಯೋರಿಂಗ್‌ನಲ್ಲಿ, ನನ್ನದು ಎಸ್-ಬಾನ್ ಎಂಬ ಲೋಕಲ್ ಟ್ರೇನಿನಲ್ಲಿ ಒಂದೆರಡು ಸ್ಟೇಶನ್ ಈಚೆಗೆ. ಟ್ರೇನು ತಡವಾದರೆ ಮನುಷ್ಯರಾದವರು ಬೈದುಕೊಳ್ಳುತ್ತ ಬೆಂಚಿನ ಮೇಲೆ ಕೂಡುತ್ತಾರೆ. ಭಾವ ಮುಂದಿನ ಸ್ಟೇಶನ್ನಿಗೆ ನಡೆದೇಬಿಡುತ್ತಾರೆ. ಅವರು ಅರ್ಧ ದಾರಿಯಲ್ಲಿರುವಾಗ ಅದೇ ಟ್ರೇನು ಪಕ್ಕದಲ್ಲೇ ಅವರನ್ನು ದಾಟಿ ಹೋಗುತ್ತದೆ. "ಹೋಗ್ಲಿ ಬಿಡವಾ, ಕಾಲರೆ ಸಡ್ಲ ಆದ್ವು" ಅನ್ನುತ್ತಾರೆ.

ಕಳೆದ ವರ್ಷ ಈಸ್ಟರ್ ರಜೆಯಲ್ಲಿ ಸಂಸಾರ ಸಮೇತ ಇಟಲಿಗೆ ಹೋಗಿದ್ದರು. ಹೋಗಿದ್ದರು ಅನ್ನುವುದಕ್ಕಿಂತ ಇಟಲಿಯ ಮೇಲೆ ದಂಡೆತ್ತಿದ್ದರು ಅನ್ನುವುದೇ ಸರಿ. ದಿನಕ್ಕೊಂದು ಊರು. ಗೋಪುರ ಇದ್ದಲ್ಲಿ ಗೋಪುರ ಹತ್ತುವುದು, ಇಲ್ಲದಲ್ಲಿ ಗುಡ್ಡ, ಗುಡ್ಡವೂ ಸಿಗದಿದ್ದರೆ ಪಾರ್ಕಿಂಗ್ ಕಟ್ಟಡದ ಮೆಟ್ಟಿಲು! ಎಂಟು ವರ್ಷದ ನೀಲ್‌ಗೆ ಇಟಲಿ ಅಂದರೆ ನೆನಪಾಗುವುದು ಮುಂದೆ ಮುಂದೆ ಓಡುವ ಅಪ್ಪನ ಬೆನ್ನಿನ ಚೀಲ ಒಂದೇ. ಹದಿಮೂರು ವರ್ಷದ ಇಳಾ ಮಾತ್ರ ಮನೆಗೆ ಬಂದು ಬೂಟು ಬಿಚ್ಚಿ ಎಸೆದು, "ನೀ ವೀಡರ್!" ಅಂದಳು. ಇದು ನಮ್ಮ ಕನ್ನಡದ 'ನೀ' ಅಲ್ಲ ಸ್ವಾಮಿ, ಜರ್ಮನ್ನಿನ 'ನೀ'. ಮತ್ತೆಂದೂ ಇಲ್ಲ ಅಂತ ಅರ್ಥ. ಮುಂದಿನ ಈಸ್ಟರ್ ರಜೆಗೆ ತಾನು ಇವರ ಜೊತೆ ಬರುವುದಿಲ್ಲ, ಗೆಳತಿ ಲೀನಾಳ ಅಜ್ಜಿಯ ಹಳ್ಳಿಗೆ ಹೋಗುತ್ತೇನೆ ಎಂದು ಸಾರಿಬಿಟ್ಟಳು.

"ಅಲ್ಲಿ ಹೋಗಿ ಏನ್ ಮಾಡ್ತಿ?" ಎಂದರು ಭಾವ.

"ನಿಕ್ಸ್."

ಏನೂ ಇಲ್ಲ! ಭಾವನ ಮುಖ ನೋಡಬೇಕಿತ್ತು. ಏನೂ ಮಾಡದೆ ಇರಲಿಕ್ಕೆ ಒಬ್ಬರು ಊರು ಬಿಟ್ಟು ಊರಿಗೆ ಹೋಗುತ್ತಾರೆ ಅನ್ನುವುದೇ ಅವರ ತಲೆಗೆ ಇಳಿಯಲಿಲ್ಲ. ಆದರೆ ಒಂದು ಮಾತು ಚೆನ್ನಾಗಿ ಇಳಿದಿತ್ತು. ಆವತ್ತು ನನ್ನನ್ನು ಸ್ಟೇಶನ್ನಿಗೆ ಬಿಡಲು ಬಂದವರು, "ಈ ಸಲ ಆಕಿ ಬರ್ಲಿಲ್ಲಂದ್ರ ಮುಂದ ಎಂದೂ ಬರಂಗಿಲ್ಲ ನೋಡವಾ. ಹುಡುಗಿ ಕೈ ಬಿಟ್ಟು ಹೊಂಟಾಳ" ಅಂದರು. ಅವರ ಬಾಯಲ್ಲಿ ಅಂಥ ಮಾತು ಕೇಳಿ ನಾನು ಪಾಪ ಅನ್ನುವಷ್ಟರಲ್ಲಿ ಅವರೇ ರೋಗಕ್ಕೆ ಮದ್ದು ಕಂಡುಹಿಡಿದೂ ಆಗಿತ್ತು: ಇಟಲಿಯಲ್ಲಿ ಓಡಾಟ ಸಾಲಲಿಲ್ಲ, ಅದಕ್ಕೇ ಹುಡುಗಿಗೆ ಬೇಜಾರಾಗಿದೆ! ಇನ್ನೂ ಜೋರಾದದ್ದು ಏನಾದರೂ ಬೇಕು!

ಅಕ್ಕನದೂ ಒಂದು ಹಳೇ ಬೇಡಿಕೆ ಇತ್ತು. ಒಮ್ಮೆ ಬಟ್ಟೆ ತೆಗೆದು ಕಪಾಟಿಗಿಟ್ಟರೆ ಊರಿಗೆ ಮರಳುವ ತನಕ ಸೂಟ್‌ಕೇಸು ಮುಟ್ಟಬಾರದು, ಅಡುಗೆಯನ್ನು ಬೇರೆ ಯಾರಾದರೂ ಮಾಡಿ ಹಾಕಬೇಕು, ಅಷ್ಟೇ. ಎರಡನ್ನೂ ಕೂಡಿಸಿ ಭಾವ ಒಂದು ಶನಿವಾರ ಘೋಷಿಸಿದರು: ಕ್ರೂಸ್! ಹಡಗಿನ ಪ್ರವಾಸ! ಅದೂ ಎಲ್ಲಿ? ವೆಸ್ಟ್ ಇಂಡೀಸ್! ಚಿಕ್ಕಂದಿನಲ್ಲಿ ರೇಡಿಯೋ ಕಿವಿಗೆ ಒತ್ತಿಕೊಂಡು ಕ್ರಿಕೆಟ್ ಕೇಳಿದವರಿಗೆ ಕೆರಿಬಿಯನ್ ಅಂದರೆ ಏನು ತಿಳಿಯಬೇಕು? ಬ್ರಿಜ್‌ಟೌನ್, ಪೋರ್ಟ್ ಆಫ್ ಸ್ಪೇನ್, ಕಿಂಗ್‌ಸ್ಟನ್! ಅವೆಲ್ಲ ಊರುಗಳೋ ದ್ವೀಪಗಳೋ ಅವರಿಗೆ ಗೊತ್ತಿರಲಿಲ್ಲ, ಅಲ್ಲೆಲ್ಲ ನಮ್ಮವರ ವಿಕೆಟ್ಟು ಉದುರಿದ್ದು ಮಾತ್ರ ಗೊತ್ತಿತ್ತು.

"ಪಪ್ಪಾ, ವೆಸ್ಟ್ ಇಂಡೀಸ್ ಅನ್ನೂ ದೇಶಾನ ಇಲ್ಲ" ಎಂದಳು ಇಳಾ, ಫೋನಿನಿಂದ ತಲೆ ಎತ್ತದೆ. ಅವಳ ಶಾಲೆಯ ಭೂಪಟದಲ್ಲಿ ಅಂಥದ್ದು ಇಲ್ಲವಂತೆ.

"ಇಲ್ಲಾ? ಹಂಗಾರ ನಾವು ಅಷ್ಟ್ ವರ್ಷ ಯಾರ ಕೂಡ ಸೋತ್ವಿ?"

ಮರುವಾರ ಪ್ರವಾಸದ ಏಜೆನ್ಸಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿದ್ದ ನಡುವಯಸ್ಸಿನ ಹೆಂಗಸು ಕುರ್ಚಿ ತೋರಿಸಿದಳು. ನಾನು ಕೂತೆ. ಭಾವ ಕುರ್ಚಿಯ ಬೆನ್ನು ಹಿಡಿದು ನಿಂತು, ತಮ್ಮ ಗದಗಿನ ಜರ್ಮನ್ನಿನಲ್ಲಿ, "ವೆಸ್ಟ್‌ಇಂಡಿಯನ್! ಮಕ್ಕಳಿದ್ದಾರೆ! ಬಹಳ ಚುರುಕಾದ ಕುಟುಂಬ!" ಅಂದರು. ಆಕೆ ಸಂತೋಷದಿಂದ ತಲೆಯಾಡಿಸಿ ಕಪಾಟಿನಿಂದ ಬಣ್ಣಬಣ್ಣದ ಪುಸ್ತಿಕೆಗಳನ್ನು ತಂದು ಹರಡಿದಳು. ನೋಡಿದರೆ ಏನಿದೆ? ಗೋವಾ! ಪಶ್ಚಿಮ ಭಾರತ! ಜರ್ಮನ್ನಿನಲ್ಲಿ ವೆಸ್ಟ್‌ಇಂಡಿಯನ್ ಅಂದರೆ ಅದೂ ಆಗುತ್ತದಲ್ಲ! ಭಾವ ಬಾಯಿ ತೆರೆಯುವ ಮೊದಲೇ ಆಕೆ ಇನ್ನೊಂದು ಪುಟ ತಿರುವಿ, ಗೋವಾದಿಂದ ಎರಡು ದಿನ ಬಿಡುವು ಮಾಡಿಕೊಂಡರೆ ಹಂಪಿ ಎಂಬ ಅದ್ಭುತ ಜಾಗವಿದೆ, ಕಲ್ಲುಬಂಡೆಗಳು, ಮಕ್ಕಳಿಗೆ ಹತ್ತಲು ಬಹಳ ಒಳ್ಳೆಯದು ಎಂದು ವಿವರಿಸತೊಡಗಿದಳು. ಗದಗಿನವನಿಗೆ ಹಂಪಿ! ಶಾಲೆಯಿಂದ ವರ್ಷವರ್ಷವೂ ಲಾರಿಯಲ್ಲಿ ಹೋಗಿ ಬುತ್ತಿ ಉಂಡು ಬಂದ ಹಂಪಿ! ನಾನು ನಗು ತಡೆಯಲಾರದೆ ಸೆರಗು... ಅಲ್ಲ, ಮಫ್ಲರು ಬಾಯಿಗೆ ತುರುಕಿಕೊಂಡೆ.

ಕೊನೆಗೆ ಗೊಂದಲ ಬಗೆಹರಿದು ಎರಡು ಮಾರ್ಗಗಳು ಮನೆಗೆ ಬಂದವು. ಒಂದರಲ್ಲಿ ಬಾರ್ಬಡೋಸ್‌ನಿಂದ ಹೊರಟು ಒಂದೇ ವಾರದಲ್ಲಿ ಏಳು ದ್ವೀಪಗಳು, ಬೆಳಿಗ್ಗೆ ಎದ್ದರೆ ಹೊಸ ಬಂದರು. ಇನ್ನೊಂದರಲ್ಲಿ ದ್ವೀಪಗಳು ಮೂರೇ ಮೂರು, ಉಳಿದ ದಿನಗಳ ಮುಂದೆ 'ಝೇಟಾಗ್' ಎಂದು ಬರೆದಿತ್ತು. ಸಮುದ್ರದ ದಿನ. ಹಡಗು ಎಲ್ಲಿಯೂ ನಿಲ್ಲದೆ ಸುಮ್ಮನೆ ಸಾಗುವ ದಿನ.

"ಆ ದಿನ ಏನ್ ಮಾಡೂದು?" ಎಂದು ಭಾವ ಅಕ್ಕನನ್ನು ಕೇಳಿದರು.

"ಏನೂ ಮಾಡೂದಿಲ್ರಿ. ಕುರ್ಚಿ ಮ್ಯಾಲೆ ಕುಂತು ಸಮುದ್ರ ನೋಡೂದು."

"ನೋಡಿ ಆದ ಮ್ಯಾಲೆ?"

"ಮತ್ತ ನೋಡೂದು."

ಡಾಕ್ಟರು ಎಕ್ಸ್-ರೇ ತೋರಿಸಿ ತಲೆ ಅಲ್ಲಾಡಿಸಿದರೆ ಮನುಷ್ಯ ಹೇಗೆ ಕಾಣುತ್ತಾನೋ ಹಾಗೆ ಕಂಡರು ಭಾವ. ಮೂರು ದ್ವೀಪಗಳ ಆ ಕಾಗದ ಫ್ರಿಜ್ಜಿನ ಮೇಲಿನ ಬ್ರೆಡ್ಡಿನ ಡಬ್ಬಿಯ ಕೆಳಗೆ ಸೇರಿತು. ಏಳು ದ್ವೀಪಗಳ ಕಾರ್ಯಕ್ರಮ ಶುರುವಾಯಿತು. ಒಂದು ದ್ವೀಪದಲ್ಲಿ ಬೆಳಿಗ್ಗೆ ಜ್ವಾಲಾಮುಖಿ ಹತ್ತುವುದು, ಇಳಿದ ಕೂಡಲೇ ಜಲಪಾತ, ಒದ್ದೆ ಬಟ್ಟೆಯಲ್ಲೇ ಹಗ್ಗಕ್ಕೆ ಜೋತುಬಿದ್ದು ಕಾಡಿನ ಮೇಲೆ ಜಾರುವುದು, ಅಲ್ಲಿಂದ ಓಡಿ ಹಡಗು ಹಿಡಿಯುವುದು. ಹಡಗು ಯಾರಿಗೂ ಕಾಯುವುದಿಲ್ಲವಂತೆ! ಅದನ್ನು ಹೇಳುವಾಗ ಭಾವನಿಗೆ ಎಂಥ ಉತ್ಸಾಹ! ತಡವಾದವರನ್ನು ದಡದಲ್ಲೇ ಬಿಟ್ಟು ಹೋಗುವ ವಾಹನವನ್ನು ಅವರು ಜೀವಮಾನವಿಡೀ ಹುಡುಕುತ್ತಿದ್ದರೋ ಏನೋ.

"ಪಪ್ಪಾ, ಐಸ್‌ಕ್ರೀಮ್ ಯಾವಾಗ ತಿನ್ನೂದು?" ಎಂದ ನೀಲ್.

"ಓಡ್ಕೋತ!"

ಇಳಾ ಮಾತ್ರ ಬರುತ್ತೇನೆ ಅನ್ನಲಿಲ್ಲ. ಭಾವ ಒಂದೊಂದೇ ದ್ವೀಪಕ್ಕೆ ಇನ್ನಷ್ಟು ಉಪ್ಪುಖಾರ ಹಚ್ಚುತ್ತ ಅವಳ ಮುಖ ನೋಡುತ್ತಿದ್ದರು, ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವಳು ಬಾಗಿಲು ಹಾಕಿಕೊಂಡಷ್ಟೂ ಇವರು ಇನ್ನೊಂದು ಜಲಪಾತ ಸೇರಿಸುತ್ತಿದ್ದರು.

ಅದೇ ಮೇ ತಿಂಗಳಲ್ಲಿ ರಿಹರ್ಸಲ್ ಬೇರೆ! ಸಮುದ್ರದಲ್ಲಿ ಮುಖ ಮುಳುಗಿಸಿ ಮೀನು ನೋಡಬೇಕಲ್ಲ, ಅದಕ್ಕೆ ಮನೆಯ ಹತ್ತಿರದ ಫೆರಿಂಗಾ ಕೆರೆಯಲ್ಲಿ ಅಭ್ಯಾಸ. ನೀರು ಕೊರೆಯುತ್ತಿತ್ತು. ಮಕ್ಕಳು ಹೆಬ್ಬೆರಳು ಅದ್ದಿ ಹಿಂದೆ ಸರಿದರು. ಭಾವ ಕನ್ನಡಕ, ಕೊಳವೆ, ಕಾಲಿಗೆ ಕಪ್ಪೆಪಾದ ಎಲ್ಲ ಕಟ್ಟಿಕೊಂಡು ಧುಮುಕಿ ಕಾಣದಾದರು. ಈಗ ನಿಮಗೊಂದು ಸಂಗತಿ ಹೇಳಬೇಕು. ಈ ದೇಶದ ಕೆಲವು ಕೆರೆಗಳ ದಂಡೆಯಲ್ಲಿ, ಮೈಮೇಲೆ ಬಟ್ಟೆಯ ಹಂಗಿಲ್ಲದೆ ಬಿಸಿಲು ಕಾಯಿಸಿಕೊಳ್ಳುವವರಿಗೆಂದೇ ಒಂದು ಭಾಗ ಬೇರೆ ಇರುತ್ತದೆ. ನಮ್ಮ ಭಾವ ನೀರಿನೊಳಗೆ ದಿಕ್ಕು ತಪ್ಪಿ ನೇರವಾಗಿ ಅಲ್ಲಿಗೇ ಹೋಗಿ ತಲೆ ಎತ್ತಿದ್ದಾರೆ! ಅಲ್ಲಿದ್ದ ಅಜ್ಜನೊಬ್ಬ ಎದ್ದು ನಿಂತು ಸೌಜನ್ಯದಿಂದ ನಮಸ್ಕಾರ ಬೇರೆ ಹೇಳಿದನಂತೆ. ಭಾವ ಕಣ್ಣು ಮುಚ್ಚಿಕೊಂಡೇ ಈಜಿ ವಾಪಸು ಬಂದರು, ಅದಕ್ಕೇ ಮತ್ತೆರಡು ಸಲ ದಿಕ್ಕು ತಪ್ಪಿತು.

"ಏನೇನ್ ನೋಡಿದ್ರಿ?" ಎಂದಳು ಅಕ್ಕ, ಟವೆಲ್ಲು ಕೊಡುತ್ತ.

"ಮೀನ!"

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನೀಲ್ ಅಪ್ಪನ ಜೊತೆ ಚೆಂಡು ಆಡಲು ಓಡಿದ, ಅಕ್ಕ ಬುತ್ತಿ ತರಲು ಕಾರಿನ ಕಡೆ ಹೋದಳು. ಹುಲ್ಲಿನ ಮೇಲೆ ನಾನೂ ಇಳಾನೂ ಉಳಿದೆವು. ಪಪ್ಪಾ ಇಷ್ಟೆಲ್ಲ ಮಾಡುವುದು ನಿನಗಾಗಿಯೇ, ಆ ಹಳ್ಳಿಯಲ್ಲಿ ಅಂಥದ್ದೇನಿದೆ ಎಂದು ಕೇಳಿದೆ.

"ಮೌಶಿ, ಅಲ್ಲಿ ಅಂಗಳದಾಗ ಒಂದು ಬೆಂಚ್ ಐತಿ" ಅಂದಳು. "ನಾ ಕುಂತ್ರ ಲೀನಾನ ಅಜ್ಜಿ ಬಂದು ಬಾಜು ಕುಂದ್ರತಾಳ. ಐನ್‌ಫಾಖ್ ಸೋ."

ಐನ್‌ಫಾಖ್ ಸೋ ಅಂದರೆ ಹಾಗೇ ಸುಮ್ಮನೆ, ಯಾವ ಕಾರಣವೂ ಇಲ್ಲದೆ.

"ಪಪ್ಪಾ ಒಂದ್ ಸಲಾನೂ ನನ್ ಬಾಜು ಕುಂತಿಲ್ಲ."

ನನ್ನ ಹೆಗಲ ಮೇಲೆ ತಣ್ಣನೆಯ ಹನಿ ಬಿತ್ತು. ತಿರುಗಿ ನೋಡಿದರೆ ಭಾವ! ಚೆಂಡು ಹುಡುಕುತ್ತ ಬಂದವರು ನಮ್ಮ ಹಿಂದೆಯೇ ನಿಂತಿದ್ದರು, ತಲೆಯಿಂದ ನೀರು ಇಳಿಯುತ್ತಿತ್ತು. ಚೆಂಡು ಎತ್ತಿಕೊಂಡು ಮೆಲ್ಲಗೆ ನಡೆದು ಹೋದರು. ಭಾವ ಮೆಲ್ಲಗೆ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು, ಮನಸ್ಸಿಗೆ ಬಹಳ ಕಷ್ಟವಾಯಿತು.

ಮುಂದಿನ ಭಾನುವಾರ ಊಟಕ್ಕೆ ಹೋದರೆ ಅಕ್ಕ ಬಾಗಿಲಲ್ಲೇ ನನ್ನ ಕೈ ಹಿಡಿದು ಪಿಸುಗುಟ್ಟಿದಳು, "ಮುಂಜಾನಿಂದ ಕುಂತಾರ! ಮೈಯಾಗ ಆರಾಮಿಲ್ಲೇನ್ರಿ ಅಂದ್ರ ಮಾತಾಡವಲ್ರು. ಡಾಕ್ಟರಿಗೆ ಫೋನ್ ಮಾಡ್ಲೇನ?"

ಬಾಲ್ಕನಿಗೆ ಹೋದೆ. ಮಡಚುವ ಕುರ್ಚಿಯಲ್ಲಿ ಭಾವ ಕೂತಿದ್ದರು! ಕಪ್ಪು ಕನ್ನಡಕ, ಚಡ್ಡಿ, ತಲೆಗೊಂದು ಟೊಪ್ಪಿಗೆ, ಎದುರಿಗೆ ಸಮುದ್ರವಿರಬೇಕಾದ ಜಾಗದಲ್ಲಿ ಎದುರುಮನೆಯ ಕಸದ ಡಬ್ಬಿಗಳು. ಕೈಗಳೆರಡೂ ಕುರ್ಚಿಯ ತೋಳುಗಳನ್ನು ವಿಮಾನ ಇಳಿಯುವಾಗಿನಂತೆ ಬಿಗಿಯಾಗಿ ಹಿಡಿದಿದ್ದವು. ಕಾಲು ಮಾತ್ರ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು.

"ಏನಿದು ಭಾವಾ?"

"ಝೇಟಾಗ್ ಪ್ರ್ಯಾಕ್ಟೀಸ್" ಅಂದರು, ತುಟಿ ಅಲುಗಿಸದೆ. "ಏಳು ದ್ವೀಪ ಬ್ಯಾಡವಾ. ಸಮುದ್ರದ ದಿನ ಜಾಸ್ತಿ ಇರೂದನ್ನ ಬುಕ್ ಮಾಡ್ತೇನಿ. ಆಕಿಗಿ ಈಗ ಹೇಳಬ್ಯಾಡ. ಮೊದ್ಲ ನನಗ ಕುಂದ್ರಾಕ ಬರ್ತೈತೇನ ನೋಡಬೇಕು."

ಅಷ್ಟರಲ್ಲಿ ಕೆಳಗಿನ ಅಂಗಳದಲ್ಲಿ ಪಕ್ಕದ ಮನೆಯ ಮುದುಕರು ಸೈಕಲ್ಲು ಹತ್ತಿ ಬಂದು ಬ್ರೇಕು ಹಿಡಿದರು. ಕೀಂಯ್ಽ! ಅಯ್ಯೋ, ಬೇರೆ ಯಾವ ಸದ್ದೂ ಇರಲಿಲ್ಲವೇ ಈ ಲೋಕದಲ್ಲಿ! ಬ್ರೇಕಿನ ಎಂಜಿನಿಯರ್ ಎದುರು ಬ್ರೇಕು ಅಳುತ್ತಿದೆ. ಮುದುಕರು ಒಂದು ಸುತ್ತು ಹಾಕಿ ಮತ್ತೆ ಹಿಡಿದರು. ಕೀಂಯ್ಽ! ಭಾವನ ಹಣೆಯ ಮೇಲೆ ಬೆವರು. ಸ್ಕ್ರೂಡ್ರೈವರು ಒಳಗಿನ ಖಾನೆಯಲ್ಲೇ ಇದೆ, ಎರಡು ನಿಮಿಷದ ಕೆಲಸ. "ಹೋಗಿ ಬರ್ರಿ ಭಾವಾ, ಯಾರಿಗೂ ಹೇಳಂಗಿಲ್ಲ" ಅಂದೆ. ಅವರು ತಲೆ ಅಲ್ಲಾಡಿಸಿದರು. ಬೆರಳುಗಳು ಬಿಳಿಚಿಕೊಳ್ಳುವ ಹಾಗೆ ಕುರ್ಚಿ ಹಿಡಿದು ಕೂತೇ ಇದ್ದರು.

ಇಳಾ ಯಾವಾಗ ಬಂದು ಬಾಗಿಲಲ್ಲಿ ನಿಂತಳೋ ನನಗೆ ತಿಳಿಯಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದಳು ಅಂತ ಅವಳ ಮುಖವೇ ಹೇಳುತ್ತಿತ್ತು. ಒಳಗಿನಿಂದ ಸ್ಟೂಲು ತಂದು ಅಪ್ಪನ ಬಾಜು ಹಾಕಿಕೊಂಡು ಕೂತಳು. ಇಬ್ಬರೂ ಕಸದ ಡಬ್ಬಿಗಳನ್ನು ನೋಡಿದರು.

"ಪಪ್ಪಾ, ಏಳು ದ್ವೀಪದ್ದನ್ನ ಬುಕ್ ಮಾಡು" ಅಂದಳು ಆಮೇಲೆ.

"ಬ್ಯಾಡ ಬ್ಯಾಡ. ನನಗ ರೂಢಿ ಆಗಾಕತ್ತೈತಿ."

"ನೀ ಹಿಂಗ ಕುಂತ್ರ ನಂಗ ಅಂಜಿಕಿ ಆಗ್ತೈತಿ. ನಂಗ ಓಡೂ ಪಪ್ಪಾನ ಬೇಕು."

ಭಾವ ಕಪ್ಪು ಕನ್ನಡಕ ತೆಗೆದರು. "ಮತ್ತ... ನೀ ಬರ್ತಿಯೇನು?"

"ಬರ್ತೀನಿ."

ಭಾವ ಎರಡೂ ಕೈ ಊರಿ ಮಗಳ ಮುಖ ನೋಡಿದರು. "ಹಂಗಾರ ಏಳ್ಲೇನು?"

ಇಳಾ ಅಪ್ಪನ ತೋಳಿಗೆ ತಲೆ ಆನಿಸಿದಳು. "ತಡಿ ಪಪ್ಪಾ. ಇನ್ನೊಂದೀಟು ಕುಂದ್ರು."

ಕೂತರು. ಕುಣಿಯುತ್ತಿದ್ದ ಕಾಲು ಯಾವಾಗಲೋ ನಿಂತಿತ್ತು. ಇಷ್ಟು ವರ್ಷ ಅವರನ್ನು ಆಡಿಕೊಂಡೇ ಬದುಕಿದ ನನಗೆ ಆವತ್ತು ಒಂದು ಕೀಟಲೆಯೂ ಹೊಳೆಯಲಿಲ್ಲ. ಸದ್ದಾಗದಂತೆ ಒಳಗೆ ಬಂದೆ. ನಾನೂ ಅಕ್ಕನೂ ಗಾಜಿನ ಬಾಗಿಲ ಹಿಂದೆ ನಿಂತು, ಅವರಿಬ್ಬರ ಬೆನ್ನು ನೋಡುತ್ತ, ಸುಮ್ಮನೆ ಅತ್ತೆವು.