ದುಡ್ಡು ಕೊಟ್ಟು ಜೈಲಿಗೆ ಹೋದ ಮಾವ

ಯೂರೋಪಿಗೆ ಹೋಗಿ ಒಂದು ಚರ್ಚಿನೊಳಗೂ ಕಾಲಿಡದೆ, ಒಂದು ಅರಮನೆಯನ್ನೂ ನೋಡದೆ, ಬರೀ ಟಾರು ನೋಡಿಕೊಂಡು ಬಂದ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ. ನಂಬದವರು ಅವರ ಊರು ಅರಿಶಿನಕುಂಟೆಗೆ ಹೋಗಿ ಕೇಳಬಹುದು. ಫಾರಿನ್ನು ಹೆಂಗಿತ್ತು ಎಂದರೆ, "ರೋಡ್‌ಗಳು ಚೆನ್ನಾಗವೆ. ಒಂದ್ ಹಂಪ್ ಇಲ್ಲ. ನಿದ್ದೆ ಬಂದ್ಬಿಡ್ತದೆ" ಎನ್ನುತ್ತಾರೆ. ಅಷ್ಟೇ! ಅಷ್ಟಕ್ಕೆ ವಿಮಾನ ಬೇಕಿತ್ತೇ?

ಮಾವ ಜೀವಮಾನವಿಡೀ ತುಮಕೂರು ರಸ್ತೆಯಲ್ಲಿ ಲಾರಿ ಓಡಿಸಿದವರು. ನನ್ನ ಬೇಸಿಗೆ ರಜೆಗಳೆಲ್ಲ ಕಳೆದದ್ದು ಆ ಲಾರಿಯ ಕ್ಯಾಬಿನ್ನಿನಲ್ಲಿ. ಊದುಬತ್ತಿ, ಡೀಸೆಲ್ಲು, ಮಾವನ ಬೀಡಿ ಮೂರೂ ಸೇರಿದ ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಎದೆಯಲ್ಲಿ ಎಂಥದೋ ಸಂಕಟವಾಗುತ್ತದೆ. ಸರಕು ಇಳಿಸಿ ವಾಪಸ್ಸು ಬರುವಾಗ ದಾಬಸ್‌ಪೇಟೆಯಲ್ಲಿ ಗಾಡಿ ನಿಲ್ಲಿಸಿ ತಟ್ಟೆ ಇಡ್ಲಿ ಕೊಡಿಸುತ್ತಿದ್ದರು. ಆ ರುಚಿ ಆಮೇಲೆ ಎಲ್ಲೂ ಸಿಗಲಿಲ್ಲ, ಬಿಡಿ.

ಅವರ ಮಗಳು ಜರ್ಮನಿಯಲ್ಲಿ ನರ್ಸು. ಕೆಲವು ವರ್ಷಗಳ ಹಿಂದೆ ಅಪ್ಪನನ್ನು ಕರೆಸಿಕೊಂಡಳು. ಅಪ್ಪನನ್ನು ಕಾಯುವ ಕೆಲಸಕ್ಕೆ ನನ್ನನ್ನೂ ಕರೆಸಿಕೊಂಡಳು. ಬಾಡಿಗೆ ಕಾರಿನಲ್ಲಿ ದೇಶ ದೇಶ ಸುತ್ತುವ ಯೋಜನೆ. ಎಡಗಡೆ ಸ್ಟೀರಿಂಗ್ ಎಂಬ ನೆಪ ಹೇಳಿ ಮಗಳು ಮಾವನ ಕೈಗೆ ಕಾರು ಕೊಡಲಿಲ್ಲ. ಮಾವ ಸಿಟ್ಟಾಗಲಿಲ್ಲ, ಅಧಿಕಾರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಪಕ್ಕದ ಸೀಟಿನಲ್ಲಿ ಕುಳಿತು, ಕಿಟಕಿಯಿಂದ ಕೈ ಹೊರಹಾಕಿ ಬಾಗಿಲು ತಟ್ಟುತ್ತ, "ಬರ್ಲಿ, ಬರ್ಲಿ, ರೈಟ್" ಎಂದು ಯೂರೋಪಿನುದ್ದಕ್ಕೂ ಕ್ಲೀನರ್ ಕೆಲಸ ಮಾಡಿದರು.

ಹೊರಡುವ ಮೊದಲು ಚಕ್ರಗಳಿಗೆ ನಿಂಬೆಹಣ್ಣು ಇಡಬೇಕಲ್ಲ? ಅಲ್ಲಿನ ನಿಂಬೆಹಣ್ಣೋ, ಮಾವಿನಕಾಯಿ ಗಾತ್ರದ್ದು! ಕಾರು ಅದರ ಮೇಲೆ ಹತ್ತುವುದಕ್ಕೇ ಒಪ್ಪಲಿಲ್ಲ. ಬಾಡಿಗೆ ಕೊಟ್ಟವನು ಓಡಿಬಂದು, ಬಗ್ಗಿ, ಹಣ್ಣುಗಳನ್ನೆಲ್ಲ ಆರಿಸಿ ಒರೆಸಿ, ನಿಮ್ಮ ಚೀಲದಿಂದ ಬಿದ್ದಿರಬೇಕು ಎನ್ನುವ ಹಾಗೆ ನಕ್ಕು ಮಾವನ ಕೈಗೇ ಕೊಟ್ಟ. ಎಷ್ಟು ಒಳ್ಳೆಯ ಜನ ಎಂದು ಮಾವ ಮನಸೋತುಹೋದರು.

ಇನ್ನು ಟೈರು ತಟ್ಟುವುದು. ಗಾಡಿ ನಿಂತಲ್ಲೆಲ್ಲ ಇಳಿದು, ಸಲಾಕೆಯಿಂದ ಟೈರಿಗೆ ಒಂದೇಟು ಕೊಟ್ಟು, ಸದ್ದು ಕೇಳಿ ಗಾಳಿ ಸರಿಯಿದೆಯೇ ಎಂದು ನೋಡುವುದು ಲಾರಿಯವರ ರೂಢಿ. ಸಲಾಕೆ ಊರಿನಲ್ಲೇ ಉಳಿದಿದ್ದರಿಂದ ಮಾವ ಯಾವುದೋ ಕಾಡಿನಂಚಿನಲ್ಲಿ ಒಂದು ದೊಣ್ಣೆ ಸಂಪಾದಿಸಿದ್ದರು. ನಮ್ಮ ಕಾರು ಬಿಳಿ. ಒಂದು ಕಡೆ ಪಕ್ಕದಲ್ಲಿ ನಿಂತಿದ್ದದ್ದೂ ಬಿಳಿ. ಮಾವ ಬಾರಿಸಿದ್ದು ಪಕ್ಕದ್ದಕ್ಕೆ. ಅದು ಇಡೀ ಕಣಿವೆಗೆ ಕೇಳುವ ಹಾಗೆ ಬಾಯಿ ಬಡಿದುಕೊಳ್ಳತೊಡಗಿತು! ಓಡಿಬಂದ ಅದರ ಯಜಮಾನನಿಗೆ ಮಾವ ಗಾಬರಿಯಾಗದೆ, ಗಾಳಿ ಸರಿಯಾಗಿದೆ ಎಂದು ಕನ್ನಡದಲ್ಲೇ ವರದಿ ಒಪ್ಪಿಸಿ ಬಂದರು.

ಇಷ್ಟೆಲ್ಲ ಸುಖವಾಗಿ ನಡೆಯುತ್ತಿರುವಾಗ ಮಗಳು ಒಂದು ಎಡವಟ್ಟು ಮಾಡಿದಳು. ಬೆಟ್ಟಗಳ ನಡುವಿನ ಸಣ್ಣ ಪಟ್ಟಣವೊಂದರಲ್ಲಿ ತಂಗಲು ಪ್ರವಾಸಿಗರ ಹಾಸ್ಟೆಲ್ ಹಿಡಿದಿದ್ದಳು. ಹಿಂದೆ ಅದು ಜೈಲು! ಕಂಬಿ, ಕೋಣೆ, ದೊಡ್ಡ ಗೇಟು ಎಲ್ಲ ಹಾಗೇ ಉಳಿಸಿ, ಒಳಗೆ ಮೆತ್ತನೆಯ ಹಾಸಿಗೆ ಹಾಕಿ ಬಾಡಿಗೆಗೆ ಕೊಡುತ್ತಾರೆ. ಹುಡುಗ ಹುಡುಗಿಯರು ಕಂಬಿ ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ವಿಷಯ ತಿಳಿದ ಮಾವ ಗೇಟಿನಲ್ಲೇ ನಿಂತುಬಿಟ್ಟರು.

"ದುಡ್ಡು ಕೊಟ್ಟು ಜೈಲಿಂದ ಆಚೆ ಬರೋರ್ನ ಕಂಡಿವ್ನಿ. ದುಡ್ಡು ಕೊಟ್ಟು ಒಳಕ್ಕೆ ಹೋಗೋರ್ನ ಇಲ್ಲೇ ನೋಡಿದ್ದು."

ನಾವು ಬಿದ್ದು ಬಿದ್ದು ನಕ್ಕೆವು. ಅವರು ನಗಲಿಲ್ಲ. ಹೋಗಿ ಕಾರಿನಲ್ಲಿ ಕುಳಿತರು. ಜೈಲಿನ ಹೊಸಲು ದಾಟುವುದಿಲ್ಲ, ಅಲ್ಲೇ ಮಲಗುತ್ತೇನೆ ಎಂದರು. ಊರಿನಲ್ಲಿ ಬೇರೆಲ್ಲೂ ಕೋಣೆಯಿಲ್ಲ. ಮೈ ಕೊರೆಯುವ ಚಳಿ. ಮಾವನ ಎದೆಗೆ ಸ್ಟೆಂಟ್ ಹಾಕಿಸಿ ವರ್ಷವೂ ತುಂಬಿರಲಿಲ್ಲ. ಹೊರಗೆ ಮಲಗಿ ಅಪ್ಪನಿಗೇನಾದರೂ ಆದರೆ ಎಂದು ಮಗಳು ಅಳುವುದಕ್ಕೇ ಶುರುಮಾಡಿದಳು. ಅವಳನ್ನು ಒಳಗೆ ಕಳಿಸಿ, ಕಾರಿನಲ್ಲಿ ಮಾವನ ಪಕ್ಕ ಕುಳಿತು ನಾನು ರೇಗಿದೆ. ಇದೆಂಥ ಹಟ ಮಾವ ಎಂದೆ.

ಆಗ ಹೇಳಿದರು, ನಮ್ಮ ಮನೆಯಲ್ಲಿ ಯಾರೂ ಬಾಯಿಬಿಡದಿದ್ದ ಸಂಗತಿಯನ್ನು. ಹೊಲದ ಬದುವಿನ ಜಗಳ ಹೊಡೆದಾಟಕ್ಕೆ ತಿರುಗಿ, ಅವರಪ್ಪ, ಅಂದರೆ ನನ್ನ ತಾತ, ಕೇಸು ಮುಗಿಯುವ ತನಕ ಬೆಂಗಳೂರಿನ ಜೈಲಿನಲ್ಲಿದ್ದರಂತೆ. ಆಗಿನ್ನೂ ಸ್ಕೂಲಿಗೆ ಹೋಗುತ್ತಿದ್ದ ಮಾವ ನೆಲಮಂಗಲದಲ್ಲಿ ಬಸ್ಸು ಹತ್ತಿ, ಅಜ್ಜಿ ಮಾಡಿಕೊಟ್ಟ ಊಟದ ಕ್ಯಾರಿಯರ್ ಒಯ್ಯುತ್ತಿದ್ದರು. ಗೇಟಿನಲ್ಲಿ ಕೊಡುವುದು, ಹಿಂದಿನ ಸಲದ್ದನ್ನು ಇಸಿದುಕೊಂಡು ಬರುವುದು. ಒಳಗೆ ಬಿಡುತ್ತಿರಲಿಲ್ಲ. ತಾತ ಬಿಡುಗಡೆಯಾಗಿ ಬಂದ ದಿನ, ಈ ಮನೆಯ ಇನ್ನೊಬ್ಬ ಗಂಡಸು ಜೈಲಿನ ಹೊಸಲು ದಾಟಕೂಡದು ಎಂದು ಅಜ್ಜಿ ಮಗನಿಂದ ಭಾಷೆ ತೆಗೆದುಕೊಂಡರಂತೆ. ಆ ಭಾಷೆಗೆ ಹೆದರಿಯೇ ಮಾವ ಅಷ್ಟು ವರ್ಷ ಲಾರಿ ಓಡಿಸಿ ಒಂದು ಕೋಳಿಮರಿಯನ್ನೂ ಚಕ್ರಕ್ಕೆ ಸಿಕ್ಕಿಸಲಿಲ್ಲ.

ಅಷ್ಟರಲ್ಲಿ ಮಗಳು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಚಿತ್ರಾನ್ನ ಕಲಸಿ, ಡಬ್ಬಿಗೆ ತುಂಬಿ ಕಾರಿನ ಬಳಿಗೆ ತಂದಳು. ಒಳಗೆ ಬರದಿದ್ದರೆ ಬೇಡ, ಒಂದಿಷ್ಟು ತಿನ್ನಪ್ಪಾ ಎಂದಳು. ಮಾವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಗೇಟನ್ನೇ ನೋಡುತ್ತ ಬಹಳ ಹೊತ್ತು ಕುಳಿತರು. ಆಮೇಲೆ ಇಳಿದರು. ಚಪ್ಪಲಿ ಬಿಟ್ಟರು. ಅವ್ವ ತಪ್ಪು ತಿಳ್ಕೊಬ್ಯಾಡ ಎಂದು ಗೊಣಗಿ, ಹೊಸಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು.

ಕೋಣೆಯ ಮಂಚದ ಮೇಲೆ ಕುಳಿತು ಡಬ್ಬಿಯನ್ನು ನನಗೆ ಕೊಟ್ಟರು. ಕಂಬಿ ಬಾಗಿಲು ಮುಚ್ಚಿ ಹೊರಗಿನಿಂದ ಕೊಡು ಎಂದರು. ಕೊಟ್ಟೆ. ಒಂದು ತುತ್ತು ಬಾಯಿಗಿಟ್ಟರು. ಅಗಿದರು, ಅಗಿಯುತ್ತಲೇ ಇದ್ದರು. ಕಂಬಿಯ ಈಚೆ ನಿಂತ ನನಗೆ ಅಳು ತಡೆಯಲಾಗಲಿಲ್ಲ.

"ಇಲ್ಲಿ ಕುಂತ್ರೆ ಗಂಟ್ಲಲ್ಲಿ ಇಳಿಯಾಕಿಲ್ಲ ಕಣೋ ಅಳಿಯ," ಎಂದರು. "ನಾನ್ ಹೋದಾಗೆಲ್ಲ ಆ ಕ್ಯಾರಿಯರ್ ಖಾಲಿ ಮಾಡಿ ಕಳ್ಸೋನು ನಮ್ಮಪ್ಪ. ಚೆನ್ನಾಗ್ ಉಂಡವ್ರೆ ಅಂತ ಅವ್ವ ಅವತ್ತೊಂದಿನ ನೆಮ್ಮದಿಯಾಗಿ ಮಲಗೋಳು."