ಆರು ಅಡಿ ಚೌಕಟ್ಟಿನ ಪಜೀತಿ

ಕೂಡ್ಲಿಗಿಯಲ್ಲಿ ಹೆಂಗಸೊಬ್ಬಳು ಗರಗಸ ಹಿಡಿದರೆ ಒಂದಿಲ್ಲೊಂದು ಪಜೀತಿ ತಪ್ಪಿದ್ದಲ್ಲ. ನಾನು ಹೈಸ್ಕೂಲಿನ ಡ್ರಾಯಿಂಗ್ ಟೀಚರು. ಚಿತ್ರದ ಬಟ್ಟೆ ಬಿಗಿಯುವ ಮರದ ಚೌಕಟ್ಟನ್ನು ನಾನೇ ಮಾಡಿಕೊಳ್ಳುತ್ತೇನೆ. ಐದು ವರ್ಷ ಹೊಸಪೇಟೆಯ ಪ್ರದರ್ಶನಕ್ಕೆ ಚಿತ್ರ ಕಳಿಸಿ ಕಳಿಸಿ ಸೋತಿದ್ದೆ. ಈ ಸಲ ಫೋಟೊ ನೋಡಿ ಒಪ್ಪಿದರು. ಆದರೆ ಸೋಮವಾರ ಬೆಳಿಗ್ಗೆ ಹತ್ತರೊಳಗೆ ಚೌಕಟ್ಟಿಗೆ ಬಿಗಿದು ತಂದರೆ ಉಂಟು, ಇಲ್ಲವಾದರೆ ಇಲ್ಲ ಅಂದರು. ಚಿತ್ರ ಉಜ್ಜಿನಿ ದಾರಿಯ ಕುರಿಹಟ್ಟಿಯದು, ಆರು ಅಡಿ ಉದ್ದ, ಮೂರು ಅಡಿ ಅಗಲ. ಬರೆದು ಮುಗಿಸಿ ಮನೆಯ ಗೋಡೆಗೆ ತೂಗುಹಾಕಿದ್ದೆ. ಉಳಿದದ್ದು ಕಟ್ಟಿಗೆ ಕೆಲಸ.

೧. ಕಾಣದ ಕಟ್ಟಿಗೆ

ಕೊಟ್ಟೂರಿನ ಸಾಮಿಲ್ಲಿಗೆ ಹೋಗಿ ತೆಳ್ಳನೆಯ ಮರದ ಪಟ್ಟಿ, ಅಂದರೆ ರೀಪುಗಳನ್ನು ಆರಿಸತೊಡಗಿದೆ.

"ಎಷ್ಟು ಬಾಗಲಾ ಅಕ್ಕೋರ?" ಅಂದ ಮಾಲೀಕ.

"ಬಾಗಲಲ್ರಿ. ಚಿತ್ರದ ಬಟ್ಟಿ ಬಿಗಿಯಾಕ. ನೆಟ್ಟಗಿರೋ ರೀಪು ಬೇಕು."

"ಪಾಲಿಶ್ ಹೊಡಸಾನೇನ್ರಿ?"

"ಬ್ಯಾಡ್ರಿ. ಇದು ಚಿತ್ರದ ಹಿಂದ ಇರತೈತಿ, ಯಾರಿಗೂ ಕಾಣಂಗಿಲ್ಲ."

ಅವನು ನಾನು ಆರಿಸಿದ್ದನ್ನೆಲ್ಲ ಒಳಗಿಟ್ಟು, ಮೂಲೆಯಲ್ಲಿದ್ದ ಡೊಂಕು ರೀಪುಗಳನ್ನು ತಂದು ಮುಂದಿಟ್ಟ.

"ಕಾಣಂಗಿಲ್ಲ ಅಂದಮ್ಯಾಲೆ ನೆಟ್ಟಗಿದ್ದದ್ದು ಯಾಕ ಹಾಳ್ಮಾಡ್ತೀರಿ?"

೨. ಬಸ್ಸಿನ ಕಂಬಿ

ಅರ್ಧ ತಾಸು ವಾದ ಮಾಡಿ ನೆಟ್ಟಗಿದ್ದವನ್ನೇ ಕಟ್ಟಿಸಿಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ರೀಪಿನ ಕಟ್ಟನ್ನು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡೆ. ಒಂದು ತಿರುವಿನಲ್ಲಿ ಅಜ್ಜಿಯೊಬ್ಬಳು ಅದನ್ನೇ ಹಿಡಿದಳು. ಆಮೇಲೆ ಇನ್ನಿಬ್ಬರು ಹಿಡಿದರು. ಕೂಡ್ಲಿಗಿ ಬಂತು.

"ಬಿಡಬೇ ಯವ್ವಾ, ನಾ ಇಳೀಬೇಕು," ಅಂದೆ.

"ನೀ ಇಳಿಯವ್ವಾ, ಯಾರು ಬ್ಯಾಡಂದ್ರು?" ಅಂದಳು ಅಜ್ಜಿ. "ಕಂಬಿ ಯಾಕ ಕಿತ್ಗೊಂಡು ಹೊಂಟಿ? ನಾವಿನ್ನೂ ಬಳ್ಳಾರಿತನಕ ಹೋಗಬೇಕು."

೩. ಅರ್ಧ ಇಂಚು

ಶನಿವಾರ ನಾಲ್ಕೂ ಮೂಲೆ ಜೋಡಿಸಿದೆ. ಮೂಲೆಯಿಂದ ಎದುರು ಮೂಲೆಗೆ ಅಳೆದಾಗ ಎರಡೂ ಅಳತೆ ಒಂದೇ ಬಂದರೆ ಚೌಕಟ್ಟು ಸರಿ. ಟೇಪಿನ ತುದಿ ನಾನು ಹಿಡಿದೆ, ಅಂಕಿ ಓದಿದವರು ನಮ್ಮ ಯಜಮಾನರು. ಮೂರು ಸಲ ಅಳೆದರೂ ಎರಡೂ ಸಮ ಅಂದರು. ನನಗೋ ಹಿಗ್ಗೇ ಹಿಗ್ಗು. ಎತ್ತಿ ನಿಲ್ಲಿಸಿದರೆ ಚೌಕಟ್ಟು ಒಂದು ಕಡೆಗೆ ವಾಲಿದೆ.

"ಸರಿಯಾಗಿ ನೋಡಿದ್ರೇನ್ರಿ?"

"ನೋಡಿದೆ. ಒಂದು ಕಡಿ ಅರ್ಧ ಇಂಚು ಕಮ್ಮಿ ಇತ್ತು. ನೀ ಸಿಟ್ಟಾಗ್ತಿ ಅಂತ ಸೇರಿಸಿ ಹೇಳಿದೆ."

೪. ಅಜ್ಜನ ಹುರಿ

ಎಲ್ಲ ಬಿಚ್ಚಿ ಮತ್ತೆ ಜೋಡಿಸಿ, ನಡುವೆ ಒಂದು ಅಡ್ಡಪಟ್ಟಿ ಕೂಡಿಸಿ, ಭಾನುವಾರ ಮನೆ ಮುಂದಿನ ಕಟ್ಟೆಯ ಮೇಲೆ ಗೋಂದು ಒಣಗಲು ಇಟ್ಟು ಮೊಳೆ ತರಲು ಪೇಟೆಗೆ ಹೋದೆ.

ಎದುರು ಮನೆಯ ಅಜ್ಜ ಒಂದು ಕಾಲಕ್ಕೆ ಕುರಿ ಕಾದವರು. ಈಗ ಓಣಿಯ ಹೊರಸು ಮಂಚಗಳಿಗೆಲ್ಲ ಹುರಿ ಹೆಣೆದು ಕೊಡುವುದು ಅವರೇ. ಯಾರ ಮನೆಯ ಮುಂದೆ ಖಾಲಿ ಹೊರಸು ಕಂಡರೂ ಕೇಳದೆಯೇ ಹೆಣೆಯಲು ಕೂತುಬಿಡುತ್ತಾರೆ. ಮಧ್ಯಾಹ್ನ ಬಂದು ನೋಡುತ್ತೇನೆ, ನನ್ನ ಚೌಕಟ್ಟಿನ ತುಂಬ ನೈಲಾನ್ ಹುರಿ!

"ನಡುವ ಒಂದು ಪಟ್ಟಿ ಬೆನ್ನಿಗೆ ಒತ್ತತಿತ್ತು, ಕಿತ್ತು ಒಗದೀನಿ," ಅಂದರು ಅಜ್ಜ. "ಕಾಲು ಮಾತ್ರ ನೀನ ಹಚ್ಚಿಸ್ಕೋ ತಾಯಿ, ನನಗ ಬಡಗಿ ಕೆಲಸ ಬರಂಗಿಲ್ಲ."

ಅವರನ್ನು ಒಳಗೆ ಕರೆದುಕೊಂಡು ಹೋಗಿ ಚಿತ್ರ ತೋರಿಸಿದೆ. "ಅಜ್ಜಾ, ಇದನ್ನ ಬಿಗಿಯಾಕ ಮಾಡಿದ್ದದು. ನಾಳೆ ಮುಂಜಾನಿ ಕೊಡದಿದ್ರ ತಗಳ್ಳಂಗಿಲ್ಲ."

ಅಜ್ಜ ಕುರಿಗಳನ್ನು ನೋಡಿದರು. ಮುಖ ಸಪ್ಪಗಾಯಿತು. ಹೊರಗೆ ಹೋಗಿ ಹುರಿಯನ್ನೆಲ್ಲ ಬಿಚ್ಚಿದರು. ಅಡ್ಡಪಟ್ಟಿಯನ್ನು ಹುಡುಕಿ ತಂದುಕೊಟ್ಟರು. ಸಂಜೆ ನಾನು ಮೊಳೆ ಹೊಡೆಯುವಾಗ ಹಲ್ಲು ಕಚ್ಚಿ ಬಟ್ಟೆ ಎಳೆದು ಹಿಡಿದವರೂ ಅವರೇ. ಸೋಮವಾರ ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗ ಚಿತ್ರ ಹೊಸಪೇಟೆ ಮುಟ್ಟಿತು.

ಪ್ರದರ್ಶನಕ್ಕೆ ಅಜ್ಜನನ್ನೂ ಕರೆದುಕೊಂಡು ಹೋದೆ. ಗೋಡೆಯ ಮೇಲೆ ನನ್ನ ಕುರಿಹಟ್ಟಿ ಕಂಡು ನನಗೆ ಕಣ್ಣು ತುಂಬಿ ಬಂತು. ಅಜ್ಜ ಅದರ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಅಂಗೈ ಚಾಚಿ ಚಿತ್ರದ ನಡುಮಧ್ಯೆ ಒತ್ತಿ ನೋಡಿದರು. ಕಾವಲಿನವನು ಗಾಬರಿಯಾಗಿ ಓಡಿ ಬಂದ.

"ಚಲೋ ಐತಿ ತಾಯಿ," ಅಂದರು ಅಜ್ಜ. "ಆದ್ರ ಇನ್ನೊಂದು ಸ್ವಲ್ಪ ಬಿಗೀಬೇಕಿತ್ತು. ದಪ್ಪನೋರು ಮಲಗಿದ್ರ ಜೋಲು ಬೀಳತೈತಿ."