ಮಾಸೆದೋನಿಯೊನ ಹತ್ತು ಬಿಲ್ಲೆ

ಸ್ಕ್ಯಾನ್ ಮುಗಿಸಿ ಹೊರಬಂದ ಕ್ಷೌರಿಕ ಮಾಸೆದೋನಿಯೊನ ಬೋಳುತಲೆಯ ಮೇಲೆ ಅಂಟಿಸಿದ ಹತ್ತು ಬಿಲ್ಲೆಗಳಿದ್ದವು, ಅಂಗಿಯ ಗುಂಡಿಗಳು ದಾರಿ ತಪ್ಪಿ ಮೇಲೆ ಹತ್ತಿದ ಹಾಗೆ.

"ಇವೇ ಕಂಪ್ಯೂಟರಿಗೆ ಗುರುತು," ಎಂದಿದ್ದರು ಡಾಕ್ಟರಮ್ಮ ಅರಿಸ್ಮೆಂದಿ. "ಇವನ್ನ ನೋಡ್ಕೊಂಡೇ ಅದು ಮಿದುಳಲ್ಲಿರೋ ಗಡ್ಡೆಗೆ ನನಗೆ ದಾರಿ ತೋರಿಸೋದು. ನಾಳೆ ಬೆಳಿಗ್ಗೆವರೆಗೂ ಒಂದೂ ಜರುಗಬಾರದು. ಜರುಗಿದ್ರೆ ಆಪರೇಷನ್ ಇಲ್ಲ."

ಆ ಆಪರೇಷನ್ನಿಗಾಗಿ ಅವನು ನಾಲ್ಕು ತಿಂಗಳು ಕಾದಿದ್ದ. ಬಲಗೈ ಜೋಮು ಹಿಡಿದು ಕತ್ತಿ ನಡುಗತೊಡಗಿದ ಮೇಲೆ ಬೀದಿಯ ಗಂಡಸರೆಲ್ಲ ಗಡ್ಡ ಬಿಡುವುದೇ ಲೇಸೆಂದುಕೊಂಡಿದ್ದರು.

ಬಸ್ಸಿನಲ್ಲಿ ತಲೆ ತಾಗೀತೆಂದು ನಡೆದೇ ಹೊರಟ. ತೊರ್ತಿಯಾ ರೊಟ್ಟಿ ಅಂಗಡಿಯ ವೆನ್ಸೆಸ್ಲಾವೊ ಕೂಗಿದ, "ಏನಯ್ಯಾ, ತಲೆಗೆ ಗುಂಡಿ ಹೊಲಿಸ್ಕೊಂಡಿದೀಯ? ಬಿಚ್ಚಿದ್ರೆ ಒಳಗೇನಾದ್ರೂ ಇದೆಯಾ?"

ಎದುರಾದ ಪಾದ್ರಿಗಳು ಆಶೀರ್ವದಿಸಲು ಕೈ ಚಾಚಿದರು. ಮಾಸೆದೋನಿಯೊ ಹಿಂದಕ್ಕೆ ಹಾರಿದ. "ದೂರದಿಂದ್ಲೇ ಹರಸಿ, ಫಾದರ್!"

ಮನೆಯಲ್ಲಿ ಸಂತರ ಮೂರ್ತಿಯಂತೆ ಕುರ್ಚಿಯಲ್ಲಿ ಸೆಟೆದು ಕೂತ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯತೊಡಗಿತು. ಪಕ್ಕದ ಮನೆಯ ಮುದುಕಿ ದೊನ್ಯ ಕ್ಲೆಯೋಫಾಸ್ ಬಂದಳು. ಅವಳ ಎರಡೂ ಕಣತಲೆಗೆ ಸದಾ ತಂಬಾಕಿನ ಎಲೆಯ ಗುಂಡು ಬಿಲ್ಲೆ ಅಂಟಿರುತ್ತಿತ್ತು. ಆ ಬೀದಿಯಲ್ಲಿ ತಲೆನೋವಿಗೆ ಅದೇ ಮದ್ದು.

"ಕೂತಲ್ಲೇ ನಿದ್ದೆ ಮಾಡು ಮಗಾ, ನಾನು ಕಾಯ್ತೀನಿ. ಒಂದು ನೊಣಾನೂ ಕೂರೋಕೆ ಬಿಡಲ್ಲ."

ಎದ್ದವನೇ ಕನ್ನಡಿ ಹಿಡಿದು ಎಣಿಸಿದ. ಹತ್ತು. ಆದರೂ ಏನೋ ಬೇರೆ ಅನ್ನಿಸಿತು. ಮತ್ತೆ ಎಣಿಸಿದ. ಹತ್ತೇ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಒಂದೊಂದೇ ಬಿಲ್ಲೆಗೆ ಕಂಪ್ಯೂಟರಿನ ಕಡ್ಡಿ ಮುಟ್ಟಿಸಿ ಪರದೆ ನೋಡಿದರು. ಮತ್ತೆ ಮುಟ್ಟಿಸಿದರು. ಪರದೆಯನ್ನೇ ತಟ್ಟಿದರು.

"ಇದರ ಪ್ರಕಾರ ನಿಮ್ಮ ಗಡ್ಡೆ ತಲೆಯೊಳಗಿಲ್ಲ. ಕಿವಿಯಾಚೆ ಗಾಳಿಯಲ್ಲಿದೆ."

"ಅಂದ್ರೆ... ಒಳ್ಳೇದಾ, ಡಾಕ್ಟ್ರೇ?"

"ನೆತ್ತಿಯಿಂದ ಎರಡು ಬಿಲ್ಲೆ ಕಿತ್ತು ಕಣತಲೆಗೆ ಅಂಟಿಸಿದವರು ಯಾರು?"

ಬಾಗಿಲ ಸಂದಿನಿಂದ, ಅವನ ಜೊತೆಗೆ ಬಂದಿದ್ದ ದೊನ್ಯ ಕ್ಲೆಯೋಫಾಸಳ ಮುಖ ಇಣುಕಿತು. "ನಾನೇ ಡಾಕ್ಟ್ರಮ್ಮಾ! ನೆತ್ತಿಗೆ ಅಂಟಿಸಿದ್ರೆ ಯಾವ ನೋವು ಹೋಗುತ್ತೆ? ಕಣತಲೆಗೆ ಹಾಕ್ಬೇಕು. ನೋಡಿ, ನನ್ನ ಕೈಗುಣ! ಒಂದೇ ಮಧ್ಯಾಹ್ನದಲ್ಲಿ ಗಡ್ಡೆ ಹೊರಗೇ ಬಂತು!"

ಮತ್ತೆ ಸ್ಕ್ಯಾನು, ಹೊಸ ಬಿಲ್ಲೆ. ಆಪರೇಷನ್ನಿಗೆ ಇನ್ನೂ ಒಂದು ತಿಂಗಳು ಎಂದರು.

ಮಾಸೆದೋನಿಯೊ ಬೀದಿಗೆ ಮರಳಿದಾಗ ದೊನ್ಯ ಕ್ಲೆಯೋಫಾಸಳ ಬಾಗಿಲಿಂದ ಅವನ ಬಾಗಿಲನ್ನೂ ದಾಟಿ, ಅವಳ ಕೈಯಿಂದ ಬಿಲ್ಲೆ ಅಂಟಿಸಿಕೊಳ್ಳಲು ಜನ ಸಾಲುಗಟ್ಟಿದ್ದರು. ತನ್ನ ಮನೆಯೊಳಗೆ ಹೋಗಲು ನುಗ್ಗಿದವನನ್ನು ವೆನ್ಸೆಸ್ಲಾವೊ ಹಿಂದಕ್ಕೆ ತಳ್ಳಿದ.

"ಸಾಲಲ್ಲಿ ಬಾರಯ್ಯಾ! ನಿಂಗೆ ಆಗ್ಲೇ ವಾಸಿಯಾಗಿದೆಯಲ್ಲ!"